ಕಾಗೆ ಮುಟ್ಟದ ಎಡೆ

ತೀರಿಕೊಂಡ ಗಂಡನ ಹೆಸರಲ್ಲಿ ಅವಳು ಹಿತ್ತಲ ಗೋಡೆಯ ಮೇಲಿಟ್ಟ ಎಡೆ ಬಿಸಿಲಿಗೆ ಒಣಗುತ್ತಿತ್ತು. ಕಾಗೆಗಳು ತೆಂಗಿನ ಮರದವರೆಗೆ ಬಂದು ಹಾರಿಹೋಗುತ್ತಿದ್ದವು.

"ಇವತ್ತೂ ಹಣೇಲಿ ಕುಂಕುಮ ಇಟ್ಕೊಂಡು ನಿಂತಿದ್ದೀಯಲ್ಲ, ಕಾಗೆ ಹೇಗೆ ಮುಟ್ಟುತ್ತೆ?" ಎಂದು ಮಾವನ ಅಣ್ಣ ಗದರಿದರು. "ಮೊದಲು ಅಳಿಸು."

"ಅಳಿಸಲ್ಲ ದೊಡ್ಡಮಾವ. ಬಂದ್ರೆ ಬರಲಿ, ಇಲ್ದಿದ್ರೆ ಬಿಡಲಿ."

"ಹಾಗಾದ್ರೆ ನಿನ್ನ ಗಂಡ ಈ ಮನೆ ಬಿಟ್ಟು ಹೋಗಲ್ಲ, ಇಲ್ಲೇ ಅಲೀತಿರ್ತಾನೆ!"

ಅವಳು ಮಗಳನ್ನು ಹುಡುಕಿಕೊಂಡು ತಾರಸಿ ಹತ್ತಿದಳು. ನೀರಿನ ಟ್ಯಾಂಕಿನ ಮರೆಯಲ್ಲಿ ಮಗಳು ಲಂಗದ ತುಂಬ ಕಲ್ಲು ತುಂಬಿಕೊಂಡು ನಿಂತಿದ್ದಳು.

"ಕಾಗೆ ತಿಂದುಬಿಟ್ರೆ ಅಪ್ಪ ಹೊರಟೇಹೋಗ್ತಾರಂತೆ ಅಮ್ಮಾ."

"ಅಳಿಸಿದೆಯೇನೇ?" ಕೆಳಗಿನಿಂದ ದೊಡ್ಡಮಾವ ಕೂಗಿದರು.

ಮರಕ್ಕೆ ಇನ್ನೊಂದು ಕಾಗೆ ಬಂದು ಕೂತಿತು. ಅವಳು ಮಗಳ ಲಂಗದಿಂದ ದಪ್ಪನೆಯದೊಂದು ಕಲ್ಲು ಆರಿಸಿಕೊಂಡಳು.