ವಾಸನೆಯಿಲ್ಲದ ಶರ್ಟು

ಶರ್ಟನ್ನು ಮೂಗಿಗೆ ಒತ್ತಿಕೊಂಡು ಅವಳು ಮೂರನೇ ಸಲ ಉಸಿರೆಳೆದಳು. ಕಾಲರ್, ಕಂಕುಳು, ತೋಳಿನ ಮಡಿಕೆ. ಪೆಟ್ರೋಲಿನ ಸುಳಿವೇ ಇಲ್ಲ. ಬೆವರಿನದೂ ಇಲ್ಲ. ದುಡಿದು ಬಂದವನ ಶರ್ಟೇ ಅಲ್ಲ ಇದು.

ಬಚ್ಚಲಲ್ಲಿ ನೀರು ಸುರಿಯುವ ಸದ್ದು. ಹನ್ನೊಂದು ವರ್ಷದಿಂದ ಗಂಡ ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಿದ್ದ. ಮನೆಗೆ ಬಂದವನು ನೇರ ಬಚ್ಚಲಿಗೆ ಹೋಗಬೇಕೆಂಬುದು ಅವಳದೇ ಕಟ್ಟಪ್ಪಣೆ.

ಹದಿನೈದು ದಿನದ ಹಿಂದೆ, ಜ್ವರ ಬಿಟ್ಟು ಮತ್ತೆ ಬಟ್ಟೆ ಒಗೆಯಲು ಕೂತಾಗ ಅವಳು ಇದನ್ನು ಮೊದಲು ಗಮನಿಸಿದ್ದಳು. ಅಂದೇ ಕೇಳಿದ್ದಳು.

"ನಿಮ್ಮ ಬಟ್ಟೆ ಈಗ ವಾಸನೇನೇ ಬರಲ್ವಲ್ರೀ?"

ಅವನು ಅವಳ ಮುಖವನ್ನೇ ನೋಡಿದ್ದ. "ಹಂಗಿಸ್ತಿದ್ದೀಯಾ?"

"ಇಲ್ಲಪ್ಪಾ, ನಿಜವಾಗ್ಲೂ."

"ಪಂಪಿನ ಪೈಪಿಗೆ ಹೊಸ ನಾಝಲ್ ಹಾಕಿದ್ದಾರಲ್ಲ," ಎಂದಿದ್ದ ನೆಲ ನೋಡುತ್ತ. "ಗಾಡಿ ಟ್ಯಾಂಕಿಂದ ಏಳೋ ಆವೀನ ಅದೇ ಹೀರ್ಕೊಂಡು ನೆಲದೊಳಗಿನ ಟ್ಯಾಂಕಿಗೆ ವಾಪಸ್ ಕಳಿಸುತ್ತೆ. ಗಾಳಿಗೆ ಬಿಡಲ್ಲ."

ಸುಳ್ಳು ಹೇಳುವಾಗ ಮಾತ್ರ ಅವನು ನೆಲ ನೋಡುತ್ತಿದ್ದ.

ಅವನು ಬಂಕಿಗೆ ಹೋಗುತ್ತಿಲ್ಲ. ಹಗಲೆಲ್ಲ ಇನ್ನೆಲ್ಲೋ ಇದ್ದು ಬರುತ್ತಾನೆ. ಅವನನ್ನು ಕಂಡರೆ ಮೂಗು ಮುಚ್ಚದ ಯಾರೋ ಇದ್ದಾರೆ. ಇದ್ದರೂ ತಪ್ಪೇನು? ಅಕ್ಕನ ಮನೆಯ ಊಟದ ದಿನ ಎಲ್ಲರ ಎದುರಿಗೆ "ನೀವು ಹೊರಗೇ ಕೂತ್ಕೊಳ್ಳಿ, ನಿಮ್ಮ ಪಕ್ಕ ಕೂತ್ರೆ ಅನ್ನ ಇಳಿಯಲ್ಲ" ಅಂದವಳು ತಾನೇ. ಅವನು ತಟ್ಟೆ ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತು ಉಂಡಿದ್ದ. ಅದು ನೆನಪಾದಾಗಲೆಲ್ಲ ಅವಳ ಕಿವಿ ಬಿಸಿಯಾಗುತ್ತಿತ್ತು.

"ಅಮ್ಮಾ, ಈ ಹಾಲು ಸೀದಿದೆ!" ಮಗಳು ಲೋಟ ದೂರ ತಳ್ಳಿದಳು.

"ನಾನೂ ಕುಡಿದೆ, ಏನಾಗಿಲ್ಲ. ನಾಟಕ ಸಾಕು."

ಗಂಡ ಹೊರಗೆ ಬಂದ. ಮಗಳು ಎದ್ದು ಹೋಗಿ ಅವನ ಹಿಂದಿನ ಕಿಟಕಿ ತೆರೆದಳು. ಅಮ್ಮನನ್ನು ನೋಡಿ ಕಲಿತ ಚಾಳಿ. ಅದಕ್ಕೂ ಅವಳಿಗೆ ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಬಂಕಿಗೆ ಹೊರಟಳು. ಅವನಿಲ್ಲದಿದ್ದರೆ ಯಾರನ್ನು ಏನೆಂದು ಕೇಳುವುದು? ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಒಂದೂ ಕೂಡಿಬರಲಿಲ್ಲ.

ಅವನಿದ್ದ.

ಆರನೇ ಪಂಪಿನ ಬಳಿ ಕಾರೊಂದಕ್ಕೆ ಬಾಗಿ ನಿಂತಿದ್ದ. ಅಂಗಿಯ ಬೆನ್ನು ಒದ್ದೆ. ಕೈಯಲ್ಲಿ ಅವನು ಹೇಳಿದ ಅದೇ ಹೊಸ ನಾಝಲ್. ಬುಡದಲ್ಲಿ ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ತೋಳು, ಕಾರಿನ ಟ್ಯಾಂಕಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿತ್ತು. ಹೇಳಿದ್ದೆಲ್ಲ ನಿಜ. ಇಲ್ಲಿ ಮನುಷ್ಯ ಬಿಸಿಲಲ್ಲಿ ಬೇಯುತ್ತಿದ್ದರೆ ಅಲ್ಲಿ ತಾನು ಅವನ ಶರ್ಟು ಮೂಸಿ ಸವತಿಯನ್ನು ಹುಡುಕುತ್ತಿದ್ದಳು. ಅವಳಿಗೆ ಎಲ್ಲಾದರೂ ಅಡಗಿಕೊಳ್ಳೋಣ ಎನಿಸಿತು.

ಅಷ್ಟರಲ್ಲಿ ಸೂಪರ್‌ವೈಸರ್ ಗುರುತು ಹಿಡಿದು ಹತ್ತಿರ ಬಂದ. ಕರ್ಚೀಫನ್ನು ಮುಖಕ್ಕೆ ಕಟ್ಟಿಕೊಂಡಿದ್ದ.

"ಏನಕ್ಕಾ, ಇಷ್ಟು ದೂರ?"

"ಸುಮ್ನೆ ಬಂದೆ ಅಣ್ಣಾ." ಏನಾದರೂ ಹೇಳಲೇಬೇಕಿತ್ತು. "ಒಳ್ಳೇ ನಾಝಲ್ ಹಾಕಿಸಿದ್ದೀರಿ. ಇವರ ಬಟ್ಟೆಗೆ ಈಗ ವಾಸನೇನೇ ಇಲ್ಲ."

ಅವನು ನಕ್ಕ. ಅವಳು ನಗದಿದ್ದುದನ್ನು ಕಂಡು ನಿಲ್ಲಿಸಿದ.

"ಚೆನ್ನಾಗಿ ಕಿಚಾಯಿಸ್ತೀರಿ. ಆವಿ ಹೀರ್ಕೊಳ್ಳೋ ಮೋಟರು, ಹಾಕಿದ ಮಾರನೇ ವಾರಾನೇ ಸುಟ್ಟು ಕೂತಿದೆ. ಈಗ ರಬ್ಬರ್ ಸಂದಿಯಿಂದ ಆವಿಯೆಲ್ಲಾ ಹುಡುಗರ ಎದೆಗೇ ಹೊಡೀತಿದೆ. ಶರ್ಟು ಒಗೆಯೋರು ನೀವು, ನಿಮಗೆ ಗೊತ್ತಿಲ್ವಾ? ಈ ಕಡೆ ಬನ್ನಿ ಅಕ್ಕಾ, ಇವತ್ತಂತೂ ಮೂಗು ಬಿಟ್ಕೊಂಡು ಇಲ್ಲಿ ನಿಲ್ಲೋಕಾಗಲ್ಲ."

ಅವಳು ಅಲ್ಲೇ ನಿಂತು ಎದೆ ತುಂಬ ಉಸಿರೆಳೆದಳು, ಬಿಟ್ಟಳು, ಮತ್ತೆ ಎಳೆದಳು. ಯಾವ ವಾಸನೆಯೂ ಬರಲಿಲ್ಲ.