ಜೊಂಡಿನೊಳಗಿನ ಶುಭಸುದ್ದಿ

ಬಲೆ ಎತ್ತಲು ಹೋದ ಬಾತಿಮಾ ದೋಣಿಯ ಕೋಲನ್ನು ನೀರಿನಲ್ಲೇ ಊರಿ ನಿಂತುಬಿಟ್ಟಳು. ಬೆಳಗಿನ ಮಂಜು ಸಾರಿಕೋಲ್ ಸರೋವರದ ಮೇಲೆ ಹಾಲಿನ ಕೆನೆಯಂತೆ ಕೂತಿತ್ತು. ಒಣಗಿದ ಹಳೇ ಜೊಂಡಿನ ನಡುವೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಬಿಳಿಯ ಹಂಸವೊಂದು ಗೂಡು ತುಂಬಿ ಕೂತಿತ್ತು. ಅದರ ಹೊಟ್ಟೆಯಡಿಯಿಂದ ಎರಡು ಮೊಟ್ಟೆಗಳು ಇಣುಕುತ್ತಿದ್ದವು. ಹಂಸ ಹೆದರಲಿಲ್ಲ, ಹಾರಲಿಲ್ಲ. ಕತ್ತು ತಿರುಗಿಸಿ ಅವಳನ್ನೇ ನೋಡಿತು. ಮಂಜಿನೊಳಗೆಲ್ಲೋ ಅದರ ಜೊತೆಹಕ್ಕಿ ಒಮ್ಮೆ ಕೂಗಿ ಸುಮ್ಮನಾಯಿತು. ತಾನು ಎದ್ದಿದ್ದೇನೋ, ಇನ್ನೂ ನಿದ್ದೆಯಲ್ಲೇ ಇದ್ದೇನೋ ಎಂದು ಬಾತಿಮಾಳಿಗೇ ಅನುಮಾನವಾಯಿತು. ಮೂಗಿಗೆ ಸೀಮೆಎಣ್ಣೆಯ ವಾಸನೆ ಬಡಿಯಿತು.

ದಡದಲ್ಲಿ ಮೈದುನ ಬೈಗಾಲಿ ಜೊಂಡಿನ ಬುಡಕ್ಕೆ ಎಣ್ಣೆ ಸುರಿಯುತ್ತಿದ್ದ. ಹಳೇ ಜೊಂಡು ಸುಟ್ಟರೆ ಕೆಲವೇ ದಿನಕ್ಕೆ ಹಸಿರು ಚಿಗುರು ಬರುತ್ತದೆ. ಈ ಸಲ ಹಿಮ ಕರಗುವ ಮೊದಲೇ ಅವನ ಹುಲ್ಲಿನ ಬಣವೆ ಮುಗಿದಿತ್ತು. ಎರಡೂ ಕುದುರೆಗಳ ಪಕ್ಕೆಲುಬು ದೂರದಿಂದಲೇ ಕಾಣುತ್ತಿತ್ತು. ಬೇಡ ಅಂದರೆ ಕೇಳುವ ಆಸಾಮಿಯಲ್ಲ ಅವನು, ಬೇಡ ಅಂದದ್ದನ್ನೇ ಎರಡು ಸಲ ಮಾಡುವವನು. ಬಾತಿಮಾ ದೋಣಿಯಲ್ಲೇ ನಿಂತು ಗಂಟಲು ಹರಿಯುವಂತೆ ಕೂಗಿದಳು.

“ಸುಯಿನ್ಶಿ! ಗುಡುಗಪ್ಪಾ, ಸುಯಿನ್ಶಿ!”

ಗಂಡನ ತಮ್ಮನ ಹೆಸರನ್ನು ಮನೆಯ ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ. ಮೂವತ್ತು ವರ್ಷದಿಂದ ಅವನು ಅವಳಿಗೆ ಗುಡುಗಪ್ಪನೇ. ಇನ್ನು ಶುಭಸುದ್ದಿ ತಂದವರು ‘ಸುಯಿನ್ಶಿ’ ಎಂದು ಕೂಗಿದರೆ, ಸುದ್ದಿ ಏನೆಂದು ತಿಳಿಯುವ ಮೊದಲೇ ಅವರು ಕೇಳಿದ್ದನ್ನು ಕೊಡುತ್ತೇನೆಂದು ಮಾತು ಕೊಡಬೇಕು. ಬೈಗಾಲಿಯ ಕೈಯಿಂದ ಎಣ್ಣೆಯ ಡಬ್ಬಿ ಜಾರಿ ಬಿತ್ತು.

“ಕೊಟ್ಟೆ ಅತ್ತಿಗೇ, ಏನು ಬೇಕೋ ಕೇಳು, ಕೊಟ್ಟೆ! ಹೆರಿಗೆ ಆಯ್ತಾ? ಮರ್ಜಾನ್ ಹೇಗಿದಾಳೆ?”

ಬಾತಿಮಾಳಿಗೆ ಆಗ ನೆನಪಾಯಿತು. ಅವನ ಮಗಳು ಮರ್ಜಾನ್ ನಿನ್ನೆಯಿಂದ ಪಟ್ಟಣದ ಆಸ್ಪತ್ರೆಯಲ್ಲಿ ನೋವು ತಿನ್ನುತ್ತಿದ್ದಾಳೆ. ಹಿಂದಿನ ಎರಡು ಕೂಸುಗಳೂ ಕಣ್ಣು ಬಿಡುವ ಮೊದಲೇ ಹೋಗಿದ್ದವು. ಹಂಸದ ಗುಂಗಿನಲ್ಲಿ ತಾನು ಅದನ್ನೇ ಮರೆತುಬಿಟ್ಟೆನಲ್ಲ! ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತು ಆಡಿಯಾಗಿತ್ತು.

“ಹೆರಿಗೆ ಅಲ್ಲ,” ಎಂದಳು ಮೆಲ್ಲಗೆ. “ನಿನ್ನ ಜೊಂಡಿನಲ್ಲಿ ಹಂಸ ಮೊಟ್ಟೆ ಇಟ್ಟಿದೆ. ಇಲ್ಲಿ ಬೆಂಕಿ ಹಚ್ಬೇಡ. ನಂಗೆ ಬೇಕಾದ್ದು ಅಷ್ಟೇ.”

ಬೈಗಾಲಿಯ ಮುಖ ನೋಡಲಾಗಲಿಲ್ಲ. “ಇದಾ ನಿನ್ನ ಶುಭಸುದ್ದಿ? ರಾತ್ರಿಯಿಡೀ ರೆಪ್ಪೆಗೆ ರೆಪ್ಪೆ ಹಚ್ಚಿಲ್ಲ ನಾನು. ನನ್ನ ಹತ್ರ ಆಟ ಆಡ್ತೀಯಾ? ಹಂಸಕ್ಕೆ ಇಡೀ ಸರೋವರ ಇದೆ, ನನ್ನ ಕುದುರೆಗೆ ಇರೋದು ಇಷ್ಟೇ!”

ಬಾತಿಮಾ ದೋಣಿಯಿಂದ ಇಳಿದು ಬಂದು ದಡದ ಮೇಲೆ ಕುಕ್ಕರಿಸಿದಳು. “ತಪ್ಪಾಯ್ತು ಕಣೋ. ಇವತ್ತಿನ ದಿನ ಹಾಗೆ ಕೂಗಬಾರದಿತ್ತು. ಕೊಟ್ಟ ಮಾತು ವಾಪಸ್ ತಗೋ. ಹಚ್ಚೋದಾದ್ರೆ ಹಚ್ಚು, ನಾನು ನೋಡಲ್ಲ.” ಬೆನ್ನು ತಿರುಗಿಸಿ ಕೂತಳು.

ಕಡ್ಡಿ ಗೀರುವ ಸದ್ದಿಗೆ ಕಾದಳು. ಅದು ಬರಲಿಲ್ಲ. ನೀರು ತುಳಿಯುವ ಸದ್ದು ಬಂತು. ತಿರುಗಿ ನೋಡಿದರೆ ದಡದಲ್ಲಿ ಯಾರೂ ಇಲ್ಲ, ಬರೀ ಮಂಜು. ಅದರೊಳಗಿಂದ ಬೈಗಾಲಿ ಯಾರನ್ನೋ ಗದರುವುದು ಕೇಳಿಸಿತು. ಆಮೇಲೆ ದನಿ ತಗ್ಗಿತು. ಮರ್ಜಾನಳ ತೊಟ್ಟಿಲು ತೂಗುವಾಗ ಅವನು ಹಾಗೆ ಮಾತಾಡುತ್ತಿದ್ದ. ಆಮೇಲೆ ಆ ದನಿಯನ್ನು ಬಾತಿಮಾ ಇಷ್ಟು ವರ್ಷ ಕೇಳಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತ ಕೂತಳು.

ಸೊಂಟದವರೆಗೆ ತೊಯ್ದುಕೊಂಡು ಅವನು ವಾಪಸು ಬಂದ. “ಬೈದೆ, ಕೈ ಬೀಸಿ ಓಡಿಸೋಕೆ ನೋಡ್ದೆ. ಕದಲೋದೇ ಇಲ್ಲ ಮುಂಡೇದು.” ಪಟ್ಟಣದ ಕಡೆ ಕೈ ತೋರಿಸಿದ. “ಅಲ್ಲಿ ನನ್ನ ಮಗಳು ಹಾಸಿಗೇಲಿ ಬಿದ್ದಿದಾಳೆ. ಇಲ್ಲಿ ನಾನು ಇದರ ಗೂಡಿಗೆ ಕೊಳ್ಳಿ ಇಡ್ಲಾ ಅತ್ತಿಗೇ?”

“ನನ್ನ ಬಣವೇಲಿ ಅರ್ಧ ಉಳಿದಿದೆ. ಕುದುರೆ ನಮ್ಮನೆಗೆ ಹೊಡ್ಕೊಂಡು ಬಾ.”

“ಮೊದಲೇ ಹೇಳೋಕೆ ಏನಾಗಿತ್ತು?”

“ನೀನು ಮೊದಲೇ ಕೇಳೋಕೆ ಏನಾಗಿತ್ತು?”

ಅಷ್ಟರಲ್ಲಿ ದಿಬ್ಬದ ಕಡೆಯಿಂದ ಮೋಟಾರ್ ಬೈಕಿನ ಸದ್ದು ಕೇಳಿಸಿತು. ಈ ಬಯಲಿನಲ್ಲಿ ಫೋನ್ ಸಿಗುವುದು ಆ ದಿಬ್ಬದ ಮೇಲೆ ಮಾತ್ರ. ದನದ ಡಾಕ್ಟರ್ ಯೆರ್ಮೆಕ್ ಹೊತ್ತಿಸದ ಸಿಗರೇಟನ್ನು ತುಟಿಯಲ್ಲಿ ಕಚ್ಚಿಕೊಂಡೇ ಕೂಗುತ್ತ ಬಂದ. “ಸುಯಿನ್ಶಿ! ಅಣ್ಣಾ, ಸುಯಿನ್ಶಿ!”

ಬೈಗಾಲಿ ತೆರೆದ ಬಾಯಿ ಮುಚ್ಚಿದ. ಅತ್ತಿಗೆಯ ಕಡೆ ನೋಡಿದ. “ಹಂಸದ ಸುದ್ದಿ ಆದ್ರೆ ಬೇಡಪ್ಪ, ಇವತ್ತಿಗೆ ಒಂದು ಸಾಕು.”

“ಯಾವ ಹಂಸ? ಹೆಣ್ಣು ಮಗು ಅಣ್ಣಾ! ತಾಯಿ, ಮಗು ಇಬ್ರೂ ಚೆನ್ನಾಗಿದಾರೆ. ಆಸ್ಪತ್ರೆ ಕಿತ್ತುಹೋಗೋ ಹಾಗೆ ಅಳ್ತಿದೆಯಂತೆ!”

ಬೈಗಾಲಿ ಕೆಸರಿನಲ್ಲೇ ಕೂತು ಮಗುವಿನಂತೆ ಅತ್ತ. ಬಾತಿಮಾಳೂ ಅತ್ತಳು. ಮಂಜು ನಿಧಾನವಾಗಿ ನೀರಿನಿಂದ ಮೇಲೇಳುತ್ತಿತ್ತು. ಕೊನೆಗೆ ಅವನು ಕಣ್ಣೊರೆಸಿಕೊಂಡು, “ಕೇಳು ಮಾರಾಯ, ಕುದುರೆ ಬೇಕಾದ್ರೂ ಕೇಳು,” ಎಂದ.

“ಆ ಬಡಕಲು ಕುದುರೆ ಯಾರಿಗೆ ಬೇಕು? ಒಂದು ಬೆಂಕಿಪೊಟ್ಟಣ ಇದ್ರೆ ಕೊಡಿ. ಬೆಳಗಿಂದ ಈ ಸಿಗರೇಟನ್ನ ಸುಮ್ನೆ ಚೀಪ್ತಾ ಇದೀನಿ.”

ಬೈಗಾಲಿ ಅಂಗಿಯ ಎದೆಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕೊಟ್ಟ. “ಇಲ್ಲಿ ಎಣ್ಣೆ ಚೆಲ್ಲಿದೆ, ದಿಬ್ಬದ ಕಡೆ ಹೋಗಿ ಸೇದು,” ಎಂದು ಗದರಿದ. ಯೆರ್ಮೆಕ್ ದೂರ ಹೋಗಿ ಒಂದೇ ಒಂದು ಕಡ್ಡಿ ಗೀರಿ, ಸೇದಿ ಮುಗಿಸಿ, ಬಂದು ಪೊಟ್ಟಣವನ್ನು ತಿರುಗಿ ಚಾಚಿದ.

ಬೈಗಾಲಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಸುಯಿನ್ಶಿಗೆ ಅಂತ ಕೊಟ್ಟದ್ದನ್ನ ವಾಪಸ್ ತಗೊಳ್ಳೋ ಮನುಷ್ಯ ಅಲ್ಲ ನಾನು,” ಎಂದ ಅತ್ತಿಗೆಯನ್ನೇ ನೋಡುತ್ತ.