ಹೊಳೆ ದಾಟದ ಅಜ್ಜ

ನನ್ನ ಗೆಳೆಯನ ಊರಲ್ಲಿ ನಡೆದದ್ದು... ಕೇಳಿದಾಗಿನಿಂದ ನಿಮಗೂ ಹೇಳಬೇಕು ಅನ್ನಿಸುತ್ತಿತ್ತು.

ದ್ಯಾಮಣ್ಣ ಒಬ್ಬ ಕೈದಿ. ಜಗಳವೊಂದರಲ್ಲಿ ಅವನಿಂದ ಒಂದು ಜೀವ ಹೋಗಿತ್ತು. ಜೈಲು ಸೇರಿ ವರ್ಷಗಳೇ ಆಗಿದ್ದವು.

ಈ ಸಲ ಒಂದು ತಿಂಗಳ ಪೆರೋಲ್ ಸಿಕ್ಕಿ, ತಮ್ಮ ಹಾಲಪ್ಪನ ಮನೆಗೆ ಬಂದಿದ್ದ. ಜಾಮೀನು ನಿಂತವನೂ ಆ ತಮ್ಮನೇ.

ದಿನಾ ಠಾಣೆಗೆ ಹೋಗಿ ಸಹಿ ಹಾಕಬೇಕು... ಅನುಮತಿ ಇಲ್ಲದೆ ತಾಲೂಕು ದಾಟುವಂತಿಲ್ಲ.

ಮಗಳು ದಾಕ್ಷಾಯಣಿಯ ಗಂಡನ ಮನೆ ತುಂಗಭದ್ರೆಯ ಆಚೆ ದಡದಲ್ಲಿ. ನಡುವೆ ಬರೀ ಒಂದು ಸೇತುವೆ... ಆದರೆ ಅದು ಬೇರೆ ಜಿಲ್ಲೆ!

ಅವಳಿಗೆ ಹೆಣ್ಣು ಮಗು ಹುಟ್ಟಿತ್ತು. ಭಾನುವಾರ ತೊಟ್ಟಿಲ ಕಾರ್ಯ. ದ್ಯಾಮಣ್ಣ ಅನುಮತಿಗೆ ಅರ್ಜಿ ಕೊಟ್ಟ. ಶನಿವಾರ ಸಂಜೆಯಾದರೂ ಉತ್ತರವಿಲ್ಲ.

"ಬೈಕ್ ಹತ್ತಣ್ಣ, ಕೂಸಿನ ಮುಖ ನೋಡಿ ಬಂದುಬಿಡೋಣ. ಯಾರಿಗೆ ಗೊತ್ತಾಗ್ತೈತಿ?" ಎಂದ ಹಾಲಪ್ಪ.

"ನನ್ನ ನಂಬಿ ಸಹಿ ಹಾಕಿದವ ನೀನು. ನಾ ಸಿಕ್ಕಿಬಿದ್ರ ಕೋರ್ಟಿಗೆ ಅಲೆಯೋನು ನೀನು. ಬ್ಯಾಡ ತಮ್ಮಾ..."

ಮಗಳಿಗೂ ಫೋನಿನಲ್ಲಿ ಇದನ್ನೇ ಹೇಳಿದ. ಆ ಕಡೆಯಿಂದ ಬರೀ ಅಳು... ಫೋನ್ ಕಟ್ಟಾಯಿತು.

ಮರುದಿನ ಮನೆ ಮುಂದೆ ಒಂದು ಟಂಟಂ ಆಟೊ ಬಂದು ನಿಂತಿತು.

ಮೊದಲು ಇಳಿದವಳು ಕೊಟ್ರವ್ವ, ಮಗಳ ಅತ್ತೆ. ಬೀಗ ಜೈಲಲ್ಲಿದ್ದಾನೆಂಬ ನಾಚಿಕೆಗೆ ಅವನ ಹೆಸರನ್ನೇ ಮನೆಯಲ್ಲಿ ಎತ್ತಗೊಡದ ಹೆಂಗಸು!

ಹಿಂದೆಯೇ ಕೂಸು ಎತ್ತಿಕೊಂಡ ದಾಕ್ಷಾಯಣಿ, ತೊಟ್ಟಿಲು ಹೊತ್ತ ಅಳಿಯ...

ದ್ಯಾಮಣ್ಣ ಗಾಬರಿಯಾಗಿ ಕೈಮುಗಿದ.

"ನಿನ್ನೆ ಫೋನ್ ಸ್ಪೀಕರ್‌ನಾಗಿತ್ತು ಬೀಗರ, ನಾನೂ ಕೇಳಿದೆ" ಎಂದಳು ಕೊಟ್ರವ್ವ. ಬೀಗರು ಅಂತ ಆಕೆ ಕರೆದದ್ದು ಅದೇ ಮೊದಲು!

"ಕದ್ದು ಬಂದಿದ್ರ ಬಾಗಿಲಾಚೆನೇ ನಿಲ್ಲಿಸ್ತಿದ್ದೆ. ತಮ್ಮನ ಸಲುವಾಗಿ ಆಸೆ ನುಂಗಿಕೊಂಡ್ರಿ ನೋಡ್ರಿ... ಅಂಥವರ ಮೊಮ್ಮಗಳು ಇದು. ತೊಟ್ಟಿಲು ಇಲ್ಲೇ ಕಟ್ರಿ!"

ಕೂಸನ್ನು ತಾನೇ ಅವನ ಮಡಿಲಿಗಿಟ್ಟಳು. ದ್ಯಾಮಣ್ಣ ಅತ್ತ... ಹಾಲಪ್ಪ ಅತ್ತ... ಕೂಸು ಮಾತ್ರ ಆಕಳಿಸಿತು!

ಹೋಳಿಗೆ ಊಟವಾಯಿತು. ಓಣಿಯವರೆಲ್ಲ ಸೇರಿ ಜೋಗುಳ ಹಾಡಿದರು.

ಹೊರಡುವಾಗ ಕೊಟ್ರವ್ವ ಟಂಟಂನಿಂದ ಕೂಗಿ ಹೇಳಿದಳು... "ಬಿಡುಗಡೆ ಆದ ದಿನ ಮೊದಲು ನಮ್ಮ ಮನಿಗೆ ಬರ್ರಿ. ಆವಾಗ ಹೊಳಿ ದಾಟೋ ಪಾಳಿ ನಿಮ್ದು!"

ನಮ್ಮನ್ನು ನಂಬಿದವರ ತಲೆ ತಗ್ಗದಂತೆ ಬದುಕುವುದೇ, ಕಳೆದುಕೊಂಡ ಗೌರವ ಮರಳಿ ಬರುವ ದಾರಿ.

ಯಾರೂ ನೋಡುತ್ತಿಲ್ಲ ಅಂತ ಗೊತ್ತಿದ್ದಾಗ, ನಿಮ್ಮನ್ನು ನಂಬಿದವರ ಮುಖ ನಿಮಗೆ ನೆನಪಾಗುತ್ತದೆಯೇ?